ಅವಳದೇ ಕೆಲಸಕ್ಕೆ ಅವಳ ಅರ್ಜಿ

ಆಸ್ಪತ್ರೆಯ ಲಾಂಡ್ರಿಯನ್ನು ಎರಡು ವರ್ಷದಿಂದ ಹಂಗಾಮಿಯಾಗಿ ನೋಡಿಕೊಳ್ಳುತ್ತಿದ್ದವಳು ಅವಳೇ. ಈಗ ಕೆಲಸ ಕಾಯಂ ಆಗಬೇಕೆಂದರೆ ಎಲ್ಲರಂತೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಂತೆ.

"ಶಾಸ್ತ್ರಕ್ಕೆ ಹಾಕಮ್ಮ, ಆರಿಸೋನು ನಾನೇ ತಾನೆ," ಎಂದರು ಮ್ಯಾನೇಜರ್.

ಹಾಕಿದಳು. ಫೋನು ಕೆಳಗಿಡುವಷ್ಟರಲ್ಲಿ ಉತ್ತರ ಬಂತು: ಈ ಹುದ್ದೆಗೆ ನಿಮ್ಮ ಅರ್ಹತೆ ಹೊಂದುವುದಿಲ್ಲ.

ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

"ನಿನ್ನ ಹೆಸರು ನನ್ನ ತನಕ ಬಂದೇ ಇಲ್ಲ. ಸಾಫ್ಟ್‌ವೇರ್ ಸೋಸಿ ಕೊಟ್ಟವರನ್ನಷ್ಟೇ ನಾನು ಕರೀಬಹುದು."

"ಎದುರಿಗೇ ನಿಂತಿದ್ದೀನಲ್ಲ ಸಾರ್!"

"ನನಗೇನೋ ಕಾಣ್ತೀಯ. ಅದಕ್ಕೆ ಕಾಣಬೇಕಲ್ಲ."

ಸಂಜೆ ಅಕ್ಕನ ಮನೆಗೆ ಹೋಗಿ ಗೋಳು ತೋಡಿಕೊಂಡಳು. ಬಯೋಡೇಟಾವನ್ನು ಭಾವನೇ ಮುತುವರ್ಜಿಯಿಂದ ಮಾಡಿಕೊಟ್ಟಿದ್ದು: ಎಡಕ್ಕೊಂದು ಕಾಲಂ, ಬಲಕ್ಕೊಂದು ಕಾಲಂ, ಸುತ್ತ ಗುಲಾಬಿ ಅಂಚು. ಅಕ್ಕ ಅದರ ಅಕ್ಷರಗಳನ್ನಷ್ಟೇ ಎತ್ತಿ ಖಾಲಿ ಹಾಳೆಗೆ ಹಾಕಿದಳು. ಎರಡೂ ಕಾಲಂ ಕಲಸುಮೇಲೋಗರವಾದವು.

"ಮೆಷಿನ್ನು ಓದೋದು ಹೀಗೆ ಕಣೇ. 'ವಿವಾಹಿತೆ, ಆರು ವಾಷಿಂಗ್ ಮೆಷಿನ್‌ಗಳ ಜೊತೆ.' ಯಾರು ಕೆಲಸ ಕೊಡ್ತಾರೆ?"

ಭಾವನ ಮುಖ ಸಪ್ಪಗಾಯಿತು. "ಅಂಚು ಚೆನ್ನಾಗೇ ಇತ್ತು," ಎಂದ.

"ಮತ್ತೆ ಆಸ್ಪತ್ರೆಯವರು ಜಾಹೀರಾತಲ್ಲಿ 'ಲಿನನ್ ನಿರ್ವಹಣೆ' ಅಂದಿದ್ದಾರೆ. ನೀನು 'ಬಟ್ಟೆ ಒಗೆಸುವುದು' ಅಂತ ಬರೆಸಿದ್ದೀಯ. ಅವರ ಮಾತೇ ಬರಿ."

"ಒಗೆಯೋದನ್ನ ಒಗೆಯೋದು ಅಂದ್ರೆ ತಪ್ಪಾ?"

ಗೊಣಗುತ್ತಲೇ ತಿದ್ದಿ ಕಳಿಸಿದಳು. ಒಬ್ಬರಿಗೆ ಒಂದೇ ಅವಕಾಶ ಎಂದಿತು ಸಾಫ್ಟ್‌ವೇರ್. ಮ್ಯಾನೇಜರ್ ಕೇಂದ್ರ ಕಚೇರಿಗೆ ಬರೆದರು. ಅಲ್ಲಿಂದಲೂ ಉತ್ತರಿಸಿದ್ದು ಯಂತ್ರವೇ.

ಹಾಳಾಗಿ ಹೋಗಲಿ ಎಂದು ಅದೇ ಹಾಳೆಯನ್ನು ನದಿಯಾಚೆಯ ಆಸ್ಪತ್ರೆಗೆ ಕಳಿಸಿದಳು. ಅಲ್ಲಿಯವರು ಆ ವಾರವೇ ಕರೆದು ಮಾತಾಡಿಸಿ ಕೆಲಸ ಕೊಟ್ಟರು.

ರಾಜೀನಾಮೆ ನೋಡಿ ಮ್ಯಾನೇಜರ್ ತಲೆ ಹಿಡಿದುಕೊಂಡರು. "ನೀನೂ ಹೀಗೆ ಮಾಡಿದ್ರೆ ಹೇಗಮ್ಮ? ಸಾಫ್ಟ್‌ವೇರ್ ಆರಿಸಿಕೊಟ್ಟ ಪುಣ್ಯಾತ್ಮನಿಗೆ ಹಾಸಿಗೆ ಬಟ್ಟೆ ಯಾವುದು, ಆಪರೇಷನ್ ಬಟ್ಟೆ ಯಾವುದು ಅಂತಲೇ ಗೊತ್ತಿಲ್ಲ."

"ಬಯೋಡೇಟಾ ಚೆನ್ನಾಗಿ ಬರೆದಿದ್ದಾನೆ ಬಿಡಿ ಸಾರ್."

ಹಾಗಂದಳೇ ಹೊರತು, ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಕೊನೆಯ ವಾರವಿಡೀ ಆ ಹೊಸಬನ ಪಕ್ಕ ನಿಂತು, ಹಲ್ಲು ಕಚ್ಚಿಕೊಂಡು, ಒಂದೊಂದೇ ಕಲಿಸಿದಳು.