ಏರಿಸಿದ ಕಾವು

ಹನಗೋಡಿನ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವವರ ನಡುವೆ ಚೆಲುವರಾಜುವಿನ ಮಾತಿಗೆ ತೂಕವಿತ್ತು. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಗೋಡೆಯಲ್ಲಿರುವ ಅಂಗೈಯಗಲದ ಗಾಜಿನ ಕಿಂಡಿಗೆ ಕಣ್ಣಿಟ್ಟು, ಒಳಗೆ ಕಡ್ಡಿಗಳಿಂದ ತೂಗುತ್ತಿದ್ದ ಎಲೆ ಎಂಥ ಹಳದಿಗೆ ಬಂದಿದೆಯೆಂದು ನೋಡಿ, "ಈಗ ಏರ್ಸು" ಎಂದೋ "ಇನ್ನೊಸಿ ತಡಿ" ಎಂದೋ ಅವನು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಮೊದಲು ಸಣ್ಣ ಕಾವಿನಲ್ಲಿ ಹಸಿರೆಲೆ ಹಳದಿಯಾಗಬೇಕು. ಆಮೇಲೆ ಕಾವು ನಿಧಾನವಾಗಿ ಏರುತ್ತ ಆ ಬಣ್ಣ ಎಲೆಯಲ್ಲಿ ನಿಲ್ಲಬೇಕು. ಕೊನೆಗೆ, ದೊಡ್ಡ ಕಾವಿನಲ್ಲಿ, ಎಲೆಯ ನಡುವಿನ ದಂಟು ಒಣಗಬೇಕು. ಅವಸರಪಟ್ಟರೆ ಎಲೆ ಕಪ್ಪಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಏರಿದ ಕಾವನ್ನು ಇಳಿಯಲು ಬಿಡುವುದು. ಒಲೆ ತಣ್ಣಗಾದರೆ ದಂಟಿನಲ್ಲಿ ಉಳಿದ ನೀರು ಎಲೆಗೆ ಹಿಂತಿರುಗಿ ಕೆಂಪು ಕಲೆಯಾಗುತ್ತದೆ. ಆಮೇಲೆ ಎಷ್ಟು ಸೌದೆ ಉರಿಸಿದರೂ ಆ ಕಲೆ ಹೋಗುವುದಿಲ್ಲ.

ಇದನ್ನು ಅವನು ಹುಡುಗನಾಗಿದ್ದಾಗಲೇ ಒಲೆಯ ಬಾಯಿಯ ಮುಂದೆ ಕೂತು ಕಲಿತಿದ್ದ. ಕಲಿತದ್ದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅವನ ಒಬ್ಬಳೇ ಮಗಳು ಪವಿತ್ರ ಹತ್ತನೇ ತರಗತಿಯಲ್ಲಿದ್ದಳು. ಶಾಲೆಯ ಕಬಡ್ಡಿ ತಂಡದಲ್ಲಿ ರೈಡಿಗೆ ಹೋಗುವವಳು. ತೆಳ್ಳಗೆ, ಉದ್ದಕ್ಕೆ, ಹಿಡಿದರೆ ಜಾರುವ ಮೈ. ಆಗಸ್ಟ್ ತಿಂಗಳಲ್ಲಿ ಕೆ.ಆರ್. ನಗರದಲ್ಲಿ ಪಂದ್ಯವಿತ್ತು. ಚೆಲುವರಾಜು ಬೈಕಿನಲ್ಲಿ ಹೋಗಿದ್ದ. ನಡುಗೆರೆ ಮುಟ್ಟಲು ಮಗಳು ಮುಂದಕ್ಕೆ ಹಾರಿದಾಗ ಎದುರು ತಂಡದವಳ ಮಂಡಿ ಅವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಿದ್ದವಳು ಎದ್ದಳು, ಮೈ ಕೊಡವಿಕೊಂಡಳು, ನೇರವಾಗಿ ಎದುರು ತಂಡದ ಅಂಕಣಕ್ಕೆ ನಡೆದು ಹೋಗಿ ಅವರ ಸಾಲಿನಲ್ಲಿ ನಿಂತಳು. ನೋಡುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಚೆಲುವರಾಜುವೂ ನಕ್ಕ. ಆ ನಗುವನ್ನು ಆಮೇಲೆ ಅವನು ಎಷ್ಟೋ ಸಲ ನೆನೆದ.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. "ಮಿದುಳು ಒಳಗೇ ಅಲುಗಾಡಿದೆ, ರೆಸ್ಟ್ ಕೊಡಿ" ಎಂದರು ಆಸ್ಪತ್ರೆಯ ಡಾಕ್ಟರು. ಎಷ್ಟು ದಿನ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ರೆಸ್ಟ್ ಎಂದರೆ ಏನೆಂದು ಮನೆಯಲ್ಲಿ ತೀರ್ಮಾನಿಸಿದವಳು ಚೆಲುವರಾಜುವಿನ ತಾಯಿ ರುಕ್ಮಿಣಮ್ಮ. ಬಾಣಂತಿಯರನ್ನು ಮಲಗಿಸುವ ಒಳಕೋಣೆಯಲ್ಲೇ ಮೊಮ್ಮಗಳನ್ನು ಮಲಗಿಸಿದಳು. ಕಿಟಕಿಗೆ ಕಂಬಳಿ ಕಟ್ಟಿದಳು. ನೆತ್ತಿಗೆ ಹರಳೆಣ್ಣೆ, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಫೋನಿಲ್ಲ, ಪುಸ್ತಕವಿಲ್ಲ, ತಲೆಸ್ನಾನವಿಲ್ಲ. ಒಂದು ವಾರ ಕಳೆದು ಎರಡಾಯಿತು, ತಿಂಗಳು ದಾಟಿತು. ಹುಡುಗಿ ಗುಣವಾಗುವ ಬದಲು ಬಾಡಿದಳು. ಎದ್ದು ಕೂತರೆ ತಲೆಸುತ್ತು, ಪಾತ್ರೆ ಬಿದ್ದ ಸದ್ದಾದರೆ ಅಳು. ಬಾಗಿಲು ತೆರೆದಾಗ ಒಳನುಗ್ಗುವ ಬೆಳಕಿಗೆ ಮುಖ ತಿರುಗಿಸಿ ಗೋಡೆಯ ಕಡೆ ಮಲಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಹೆಂಡತಿ ಸುನಂದಮ್ಮ ಹಟ ಹಿಡಿದು ಅವಳನ್ನು ಹುಣಸೂರಿನ ಫಿಸಿಯೋಥೆರಪಿಸ್ಟ್ ಕಿರಣ್‌ಕುಮಾರ್ ಬಳಿ ಕರೆದೊಯ್ಯುವಂತೆ ಮಾಡಿದಳು. ಆತ ಚಿಕ್ಕ ವಯಸ್ಸಿನವನು, ಮೆಲುಮಾತಿನವನು. ಪವಿತ್ರಳ ಎದೆಗೆ ಒಂದು ಪಟ್ಟಿ ಕಟ್ಟಿ ಟ್ರೆಡ್‌ಮಿಲ್ಲಿನ ಮೇಲೆ ನಡೆಸಿದ. ನಿಮಿಷ ನಿಮಿಷಕ್ಕೂ ಅದರ ಏರನ್ನು ತುಸುತುಸುವೇ ಹೆಚ್ಚಿಸುತ್ತ, "ನೋವು ಹತ್ತರಲ್ಲಿ ಎಷ್ಟು?" ಎಂದು ಕೇಳಿದ. ಮೂರು ಎಂದವಳು, ಮತ್ತೆ ಮೂರು ಎಂದವಳು, ಐದು ಎಂದ ಕೂಡಲೇ ಯಂತ್ರ ನಿಲ್ಲಿಸಿ ಪರದೆಯಲ್ಲಿದ್ದ ನಾಡಿಬಡಿತವನ್ನು ಗುರುತು ಹಾಕಿಕೊಂಡ.

"ಮೊದಲ ಒಂದೆರಡು ದಿನ ಮಲಗಿಸಿದ್ದು ಸರಿ ಅಣ್ಣ. ಆಮೇಲೂ ಕತ್ತಲಲ್ಲಿ ಇಟ್ಟಿದ್ದೇ ಇವಳನ್ನ ಇಷ್ಟು ಇಳಿಸಿರೋದು. ಈ ಬಡಿತ ಇವಳ ಗಡಿ. ಇದಕ್ಕಿಂತ ಸ್ವಲ್ಪ ಕೆಳಗೆ ಇರೋ ಹಾಗೆ ದಿನಾ ನಡೆಸಿ. ಅದೇ ಔಷಧಿ. ಗಡಿ ನಿಧಾನಕ್ಕೆ ತಾನೇ ಮೇಲೆ ಹೋಗುತ್ತೆ. ನಡೆಯುವಾಗ ನೋವು ಎರಡು ಅಂಕ ಏರಿದರೆ ಅಲ್ಲಿಗೇ ನಿಲ್ಲಿಸಿ, ಮಾರನೇ ದಿನ ಕಡಿಮೆ ಮಾಡಿ."

ಚೆಲುವರಾಜುವಿನ ಮುಖ ಅಂದು ಬಹಳ ದಿನಗಳ ಮೇಲೆ ಅರಳಿತು. "ಅಂದ್ರೆ ನಿಧಾನುಕ್ಕೆ ಏರುಸ್ಕಂಡು ಓಗೋದು ತಾನೆ ಸಾರ್? ಬುಡಿ, ಅದು ನಂಗೆ ಬತ್ತದೆ."

ಕೇಳಿದ್ದರಲ್ಲಿ ಅವನು ಮನೆಗೆ ತಂದದ್ದು ಮೊದಲ ಅರ್ಧ.

ಮನೆಯಲ್ಲಿ ರುಕ್ಮಿಣಮ್ಮ ಹೌಹಾರಿದಳು. "ತಲೆ ಏಟು ಬಿದ್ದಿರೋ ಮಗೀಗೆ ನಡಿ, ಓಡು ಅಂತಾನಾ? ಮೊದ್ಲು ಅವನ್ ತಲೆ ಯಾರ್ಗಾರಾ ತೋರುಸ್ರಪ್ಪ!" ಕಿಟಕಿಯ ಕಂಬಳಿ ಬಿಚ್ಚಿದ ಸೊಸೆಯೊಡನೆ ಎರಡು ದಿನ ಮಾತು ಬಿಟ್ಟಳು.

ನಾಲೆಯ ಏರಿಯ ಮೇಲೆ ದಿನವೂ ಬೆಳಿಗ್ಗೆ ತಂದೆ ಮಗಳು ನಡೆದರು. ಅವಳ ಮಣಿಕಟ್ಟಿನಲ್ಲಿ ಬಡಿತ ತೋರಿಸುವ ಗಡಿಯಾರ. ಬ್ಯಾರನ್ನಿನ ಥರ್ಮಾಮೀಟರನ್ನು ನೋಡುವಂತೆಯೇ ಚೆಲುವರಾಜು ಅದನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ. ಪಕ್ಕದ ಹೊಲದ ನಂಜುಂಡೇಶ ಸೊಪ್ಪು ಮುರಿಯುತ್ತಿದ್ದಲ್ಲಿಂದಲೇ ಕೂಗುತ್ತಿದ್ದ: "ಏನಣ್ಣೋ, ಮಗಳ್ನ ಒಲಿಂಪಿಕ್ಸ್‌ಗೆ ತಯಾರ್ ಮಾಡ್ತಿದ್ದೀಯಾ? ನಿನ್ ಒಟ್ಟೇನೂ ಒಸಿ ಕರಗ್ತದೆ ಬುಡು!" ಪವಿತ್ರ ನಗುತ್ತಿದ್ದಳು. ಕೆಲವು ವಾರಗಳಲ್ಲಿ ಅವಳು ಊಟಕ್ಕೆ ನಡುಮನೆಗೆ ಬಂದಳು, ಅರ್ಧ ಪುಟ ಓದಿದಳು, ಅಜ್ಜಿಯ ಹಲ್ಲಿಲ್ಲದ ಬಾಯಿಯನ್ನು ಅಣಕಿಸಿದಳು. ರುಕ್ಮಿಣಮ್ಮ ಹೊರಗೆ ಬೈದು ಒಳಗೆ ಹಿಗ್ಗಿದಳು. ಚೆಲುವರಾಜು ನಡಿಗೆಯನ್ನು ಬಿರುಸು ಮಾಡಿದ. ಆಮೇಲೆ ಸೈಕಲ್ ತಂದ.

ಅಕ್ಟೋಬರಿನ ಒಂದು ಬೆಳಿಗ್ಗೆ ಪವಿತ್ರ ಏರಿಯ ಬುಡದಲ್ಲೇ ನಿಂತಳು. ಹಿಂದಿನ ಸಂಜೆ ಪಕ್ಕದ ಮನೆಯಲ್ಲಿ ಧ್ವನಿವರ್ಧಕ ಹಾಕಿ ನಾಮಕರಣ ಮಾಡಿದ್ದರು, ಅವಳಿಗೆ ಸರಿಯಾಗಿ ನಿದ್ದೆಯಾಗಿರಲಿಲ್ಲ.

"ಅಪ್ಪ, ಇವತ್ತು ಸೈಕಲ್ ಬ್ಯಾಡ. ಮೊದ್ಲಿನಂಗೆ ಒಸಿ ನಡ್ಯಾನ."

"ಯಾಕ್ ಮಗಾ? ಎಷ್ಟು?"

"ನಾಕು. ನಾಕೂವರೆ."

ಅವನು ಸೈಕಲ್ಲನ್ನು ಏರಿಗೆ ಒರಗಿಸಿ ಅವಳ ಪಕ್ಕ ಕೂತ. ಪ್ರೀತಿಯಿಂದಲೇ ಹೇಳಿದ. "ನೋಡವ್ವ, ಬ್ಯಾರನ್ನಲ್ಲಿ ಏರುಸಿದ್ ಕಾವ ಇಳುಸ್ತೀವಾ? ಇಲ್ಲ. ಇಳುಸಿದ್ರೆ ಏನಾಯ್ತದೆ?"

"ನೀರು ವಾಪಸ್ ಬತ್ತದೆ. ಎಲೆ ಕೆಂಪಾಯ್ತದೆ." ಅವಳೂ ಅದೇ ಒಲೆಯ ಮುಂದೆ ಬೆಳೆದವಳು.

"ಅಷ್ಟೇ ಕಣವ್ವ. ಇಷ್ಟು ದೂರ ಬಂದಿದ್ದೀಯ. ಈಗ ಇಳುಸಿದ್ರೆ ಮತ್ತೆ ಆ ಕತ್ಲೆ ಕೋಣೆಗೇ ಓಯ್ತೀಯ."

ಕತ್ತಲೆ ಕೋಣೆ ಎಂದದ್ದೇ ತಡ, ಅವಳು ಎದ್ದು ಸೈಕಲ್ ಹತ್ತಿದಳು.

ಅಂದಿನಿಂದ ಅವಳ ನೋವು ದಿನವೂ ಎರಡೇ ಇತ್ತು. ಕೆಲವೊಮ್ಮೆ ಅವನ ಪ್ರಶ್ನೆ ಮುಗಿಯುವ ಮುಂಚೆಯೇ "ಎರಡು" ಎಂದುಬಿಡುತ್ತಿದ್ದಳು. ಗಡಿಯಾರದಲ್ಲಿ ಬಡಿತವೂ ಗಡಿ ಮೀರಿರುತ್ತಿತ್ತು; ನೋವು ಎರಡೇ ಇದ್ದಾಗ ಗಡಿ ಮೇಲೆ ಹೋಗಿರಬೇಕೆಂದು ಅವನು ತಿಳಿದ. "ಊಟ ಬುಟ್ಟವ್ಳೆ ಕಣ್ರೀ, ದುಪಟ್ಟಾನ ಕಣ್ಮೇಲೆ ಎಳ್ಕಂಡು ಮಲಗ್ತಾಳೆ. ಒಂದ್ಸಲ ಹುಣಸೂರಿಗೆ ಓಗ್ಬರಾನ" ಎಂದಳು ಸುನಂದಮ್ಮ. "ನೀನು ನಿಮ್ಮತ್ತೆ ಸೇರ್ಕಂಡು ಅವಳ್ನ ಮತ್ತೆ ಮಲಗುಸ್ಬ್ಯಾಡಿ" ಎಂದು ಅವನು ಗದರಿದ.

ಒಂದು ವಾರದೊಳಗೆ, ಏರಿಯ ತಿರುವಿನಲ್ಲಿ ಅವಳು ಸೈಕಲ್ಲಿನಿಂದ ಇಳಿದು ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ನಿಂತು ಎರಡೂ ದಿಕ್ಕಿಗೆ ನೋಡಿದಳು.

"ಅಪ್ಪ, ಮನೆ ಯಾವ ಕಡೀಕೆ?"

ಮನೆಯ ಹೆಂಚು ಅಲ್ಲಿಂದ ಕಾಣುತ್ತಿತ್ತು.

ಮತ್ತೆ ಸ್ಕ್ಯಾನ್ ಆಯಿತು, ಮತ್ತೆ ಏನೂ ಕಾಣಲಿಲ್ಲ. ಕಿರಣ್‌ಕುಮಾರ್ ಬೈಯಲಿಲ್ಲ. ಬೈದಿದ್ದರೆ ಚೆಲುವರಾಜುವಿಗೆ ಹಗುರವಾಗುತ್ತಿತ್ತು.

"ಕಡಿಮೆ ಮಾಡಿ ಅಂದಿದ್ದೆನಲ್ಲ ಅಣ್ಣ?"

"ಇಳುಸಿದ್ರೆ ಕೆಟ್ಟೋಯ್ತದೆ ಅಂದ್ಕಂಡೆ ಸಾರ್. ಎರಡು ಎರಡು ಅಂತಾನೇ ಅಂತಿದ್ಲು."

ಕಿರಣ್‌ಕುಮಾರ್ ಪವಿತ್ರಳ ಕಡೆ ತಿರುಗಿದ. "ಈಗ ಎಷ್ಟಮ್ಮ?"

ಕೋಣೆಯ ದೀಪ ಆರಿಸಿದ್ದರೂ ಅವಳು ಕಣ್ಣು ಕಿರಿದು ಮಾಡಿಕೊಂಡಿದ್ದಳು. ಒಮ್ಮೆ ತಂದೆಯ ಮುಖ ನೋಡಿದಳು. "ಎರಡು" ಎಂದಳು.

"ಅಣ್ಣ, ನೀವು ಸ್ವಲ್ಪ ಹೊರಗಿರಿ."

ಹೊರಗಿನ ಬೆಂಚಿನ ಮೇಲೆ ಚೆಲುವರಾಜು ತನ್ನ ಅಂಗೈ ನೋಡುತ್ತ ಕೂತ. ಸೊಪ್ಪಿನ ಅಂಟು ಕಪ್ಪಾಗಿ ಗೆರೆಗಳಲ್ಲಿ ಕೂತಿತ್ತು. ಕೊನೆಗೆ ಕಿರಣ್‌ಕುಮಾರ್ ಹೊರಬಂದು ಅವನ ಪಕ್ಕ ಕೂತ. "ಎಂಟು ಅಂದಳು. ಎಷ್ಟೋ ದಿನದಿಂದ ಆರು, ಏಳು ಇತ್ತಂತೆ. ನನ್ನ ಯಂತ್ರ ಬಡಿತ ಹೇಳುತ್ತೆ ಅಣ್ಣ. ನೋವು ಹೇಳೋಕೆ ಅವಳೊಬ್ಬಳೇ ಇರೋದು. ಅವಳು ನಿಜ ಹೇಳದಿದ್ದರೆ ನಾನೂ ಕುರುಡ, ನೀವೂ ಕುರುಡರು. ಮತ್ತೆ ಕೆಳಗಿನಿಂದ ಶುರು ಮಾಡೋಣ. ಈ ಸಲ ತುಂಬ ಕೆಳಗಿನಿಂದ."

"ಮಾರ್ಚ್ ಪರೀಕ್ಷೆಗೆ?"

"ಆ ಮಾತು ಈಗ ಬೇಡ."

ಅಲ್ಲಿಂದ ಮುಂದೆ ಪವಿತ್ರಳನ್ನು ನಡೆಸಿದವಳು ಸುನಂದಮ್ಮ. ಮನೆಯಂಗಳದಿಂದ ಏರಿಯ ದಾರಿಯ ಹೊಂಗೆಮರದವರೆಗೆ ಹೋಗಿ ಬರುವುದು ಅಷ್ಟೇ. ಹಿಂದೆ ತಂದೆ ಮಗಳ ನಡಿಗೆ ಶುರುವಾಗುತ್ತಿದ್ದದ್ದೇ ಆ ಮರದಿಂದ ಆಚೆ. ಅವಳು ತಾಯಿಗೆ ಅಂಕ ಹೇಳುತ್ತಿದ್ದಳು; ಚೆಲುವರಾಜು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವನು "ಎಂಗಿದ್ದೀಯ ಮಗಾ?" ಎಂದರೆ "ಚೆನ್ನಾಗಿವ್ನಿ ಕಣಪ್ಪ" ಎನ್ನುತ್ತಿದ್ದಳು. ಆ ಉತ್ತರ ಕೇಳುವುದಕ್ಕೆ ಹೆದರಿ ಅವನು ಕೇಳುವುದನ್ನೇ ಬಿಟ್ಟ. ಬ್ಯಾರನ್ನಿನಲ್ಲೇ ಊಟ, ಅಲ್ಲೇ ನಿದ್ದೆ. ಊರವರು ಎಲೆ ತೋರಿಸಲು ಕರೆದರೆ, "ನೀವೇ ನೋಡ್ಕಳಿ" ಎನ್ನತೊಡಗಿದ.

ನವೆಂಬರ್ ಮುಗಿಯುವ ಹೊತ್ತಿಗೆ ವರ್ಷದ ಕೊನೆಯ ಬ್ಯಾರನ್ ಉರಿಯುತ್ತಿತ್ತು. ದಂಟು ಒಣಗುವ ಹಂತ. ಬೆಳಿಗ್ಗೆ ಅವನು ಸೌದೆ ಒಟ್ಟುತ್ತಿದ್ದಾಗ ಬೆನ್ನ ಹಿಂದೆ ಪವಿತ್ರ ನಿಂತಿದ್ದಳು. ತಲೆಯ ಮೇಲೆ ದುಪಟ್ಟಾ, ಕಣ್ಣಿಗೆ ಅದರ ಅಂಚಿನ ನೆರಳು.

"ಅವ್ವಂಗೆ ಜ್ವರ ಬಂದದೆ. ನಡ್ಯಕ್ಕೆ ನೀನು ಬತ್ತೀಯಾ?"

ಅವನು ಒಲೆಯ ಬಾಯಿ ನೋಡಿದ. ಸೌದೆ ಹಾಕುವ ಹೊತ್ತು ಅದೇ. ಕೈಲಿದ್ದ ಕೊರಡನ್ನು ನೆಲಕ್ಕೆ ಇಳಿಸಿ, ಪಂಚೆಗೆ ಕೈ ಒರೆಸಿಕೊಂಡು ಹೊರಟ.

ಅವಳ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸುವುದು ಅವನಿಗೆ ಕಷ್ಟವಾಯಿತು. ಎರಡು ಸಲ ಮುಂದೆ ಹೋಗಿ ಎರಡು ಸಲ ನಿಂತ. ಹೊಂಗೆಮರ ಮುಟ್ಟುವ ಮುಂಚೆಯೇ ಅವಳು ಬದುವಿನ ಮೇಲೆ ಕೂತಳು. ಅವನೂ ಕೂತ. ಎಷ್ಟು ಎಂಬ ಪ್ರಶ್ನೆ ನಾಲಿಗೆಯವರೆಗೆ ಬಂತು. ಕೇಳಲಿಲ್ಲ.

ಕೂತಲ್ಲಿಂದ ಬ್ಯಾರನ್ನಿನ ಹೊಗೆಕೊಳವೆ ಕಾಣುತ್ತಿತ್ತು. ದಟ್ಟವಾಗಿದ್ದ ಹೊಗೆ ತೆಳುವಾಯಿತು, ನೂಲಿನಷ್ಟಾಯಿತು.

"ಅಪ್ಪ, ಒಲೆ ಆರ್ತಾ ಅದೆ."

"ಆರ್ಲಿ ಬುಡು."

"ಎಲೆ ಕೆಂಪಾಯ್ತದೆ."

"ಆಯ್ತದೆ."

ದೂರದಿಂದ ನಂಜುಂಡೇಶನ ದನಿ ಕೇಳಿಸಿತು. "ಅಣ್ಣೋ! ಚೆಲುವಣ್ಣೋ! ಎಲ್ಲೋದ್ಯೋ ಮಾರಾಯ, ಕಾವು ಇಳೀತಾ ಅದೆ ಕಣೋ!" ಆ ಕೂಗಿಗೆ ಪವಿತ್ರ ಎರಡೂ ಕಿವಿ ಮುಚ್ಚಿಕೊಂಡಳು. ಚೆಲುವರಾಜು ಏಳಲಿಲ್ಲ. ನಂಜುಂಡೇಶ ಕೂಗಿ ಕೂಗಿ ಸುಮ್ಮನಾದ.

ಅವಳು ಕಿವಿಯಿಂದ ಕೈ ತೆಗೆದಳು.

"ಆರು" ಎಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಬೆಳಿಗ್ಗೆ ಎದ್ದಾಗ ನಾಕಿತ್ತು. ಈಗ ಆರು. ಹೋದ ವಾರವೂ ಇಂಗೇ ಇತ್ತು. ಕಮ್ಮಿಯಾಗ್ತಾ ಇಲ್ಲ ಕಣಪ್ಪ."

ಇಷ್ಟು ದಿನದ ನಡಿಗೆಯ ಮೇಲೆ, ಮನೆಯಿಂದ ಮರದವರೆಗೂ ಬರಲಾರದೆ, ಆರು. ಚೆಲುವರಾಜು ತಲೆಯಾಡಿಸಿದ. ಅವಳು ತನಗೆ ನಿಜ ಹೇಳಿದಳೆಂಬುದು ಅವನಿಗೆ ತಿಳಿಯಿತು. ಆ ನಿಜ ಏನೆಂಬುದೂ ತಿಳಿಯಿತು.

"ಇಲ್ಲಿಗೇ ಸಾಕು. ನೋವು ಒಸಿ ಇಳೀಲಿ, ಮನೆಗೋಗಾನ" ಎಂದ.

"ನಾಳೆ?"

"ನಾಳೆ ಇಷ್ಟು ದೂರ ಬ್ಯಾಡ. ಬೇಲಿಗಂಟ ಓಗಿ ವಾಪಸ್ ಬರಾನ."

ಬಿಸಿಲು ಏರುತ್ತಿತ್ತು. ಅವನು ಎದ್ದು, ಅವಳ ಮುಖಕ್ಕೆ ತನ್ನ ನೆರಳು ಬೀಳುವ ಕಡೆ ಹೋಗಿ ನಿಂತುಕೊಂಡ. ಬ್ಯಾರನ್ನಿನ ಮೇಲೆ ಹೊಗೆ ಪೂರ್ತಿ ನಿಂತಿತ್ತು.