ಸೈಲೆನ್ಸರ್ ಅಡವಯ್ಯನ ಕರೆಂಟು

ದೇವರಾಜು ತನ್ನ ಲಾರಿಯ ಕೆಳಗೆ ಅಂಗಾತ ಮಲಗಿ ವೈರಿನ ತುದಿಯನ್ನು ಹಲ್ಲಿನಿಂದ ಸುಲಿಯುತ್ತಿದ್ದ. ಕೀ ತಿರುಗಿಸಿದರೆ ಮಾತ್ರ ಕರೆಂಟು ಹರಿಯುವಂತೆ ಬ್ಯಾಟರಿಯಿಂದ ಎಳೆದ ಆ ವೈರನ್ನು ಸೈಲೆನ್ಸರಿನ ಪಕ್ಕದಲ್ಲೇ ಹಾಯಿಸಿ, ಅಲ್ಲಿಂದಲೇ ಹುಟ್ಟಿತೆಂಬಂತೆ ಮೇಲಿನ ಬಲ್ಬಿಗೆ ಏರಿಸಬೇಕಿತ್ತು. ಹನ್ನೆರಡು ಚಕ್ರದ ಗಾಡಿಯನ್ನು ಒಂಟಿ ಕೈಯಲ್ಲಿ ಬೀಡಿ ಸೇದುತ್ತಾ ಘಾಟಿ ಇಳಿಸಿದ ಗಂಡಸು ಅವನು. ಇವತ್ತು ಒಂದು ವೈರನ್ನು ಮೂರು ಸಲ ತಪ್ಪು ಬೋಲ್ಟಿಗೆ ಸುತ್ತಿ, ಮೂರು ಸಲವೂ ಬಿಚ್ಚಿದ್ದ.

"ಲೇ ದೇವ್ರಾಜ, ಅಲ್ಲೇ ಮಲಿಕ್ಕಂಡ್ಯಾ? ಸತ್ತಿರೋದು ನಿಮ್ಮ ಮಾವ ಕಣ್ಲಾ, ನೀನಲ್ಲ!" ಟೀ ಅಂಗಡಿ ರಂಗರಾಜು ಬಗ್ಗಿ ಕೂಗಿದ.

"ಬಂದೆ ಬುಡಣ್ಣ. ವೈರು ಸಡ್ಲ ಆಗೈತೆ."

"ಬೇಗ ಬಿಗಿ. ಕ್ಯಾತಕ್ಕ ಒಂದೇ ಹಟ ಹಿಡ್ದವ್ಳೆ. ಹೊಗೆ ಕರೆಂಟಲ್ಲಿ ದೀಪ ಉರೀದೆ ಹೆಣ ಎತ್ತಂಗಿಲ್ವಂತೆ."

ದೇವರಾಜುವಿನ ಸೋದರಮಾವ ಅಡವಯ್ಯ ಬೆಳಗಿನ ಜಾವ ತೀರಿಕೊಂಡಿದ್ದ. ಶಿರಾ ಹೈವೇ ಪಕ್ಕ ಅವನದು ಸೈಲೆನ್ಸರ್ ಶೆಡ್ಡು. ಅವನು ಬೆಸುಗೆ ಹಾಕದ ಸೈಲೆನ್ಸರ್ ಪುಣೆಯಿಂದ ಬೆಂಗಳೂರಿನವರೆಗೆ ಇನ್ನೂ ಹುಟ್ಟಿರಲಿಲ್ಲ. ನಲವತ್ತು ವರ್ಷದಲ್ಲಿ ಅವನು ಕುಡಿದ ಲಾರಿ ಹೊಗೆಯನ್ನು ವಾಪಸು ಬಿಟ್ಟಿದ್ದರೆ ಮಧುಗಿರಿ ಬೆಟ್ಟ ವಾರಗಟ್ಟಲೆ ಕಾಣುತ್ತಿರಲಿಲ್ಲ. ಆ ಹೊಗೆಯೇ ಕೆಮ್ಮಾಗಿ ಅವನನ್ನು ತಿಂದಿತು. ಈಗ ಶೆಡ್ಡಿನ ಮುಂದೆ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು, ಚೆಂಡುಹೂವಿನ ರಾಶಿಯ ನಡುವೆ ಕುರ್ಚಿಯಲ್ಲಿ ಕೂತಿದ್ದ. ಕೊಡಿಗೇನಹಳ್ಳಿ ಕಡೆಯ ತನ್ನ ಹಟ್ಟಿಗೆ ದೇವರಾಜುವಿನ ಲಾರಿಯಲ್ಲೇ ಹೆಣ ಒಯ್ಯಬೇಕು; ತಲೆದೆಸೆಗೆ ಎಣ್ಣೆ ದೀಪ ಬೇಡ, ಆ ಲಾರಿಯ ಹೊಗೆಯ ಕಾವಿನಿಂದಲೇ ಬಲ್ಬು ಉರಿಯಬೇಕು ಎಂದು ಹೆಂಡತಿ ಕ್ಯಾತಮ್ಮನಿಂದ ಭಾಷೆ ತೆಗೆದುಕೊಂಡಿದ್ದ.

ಆದರೆ ಕಾವನ್ನು ಕರೆಂಟು ಮಾಡುವ ಯಂತ್ರವೇ ಲಾರಿಯಲ್ಲಿ ಇರಲಿಲ್ಲ. ಅದು ಮಾಯವಾಗಿ ಹದಿನಾಲ್ಕು ತಿಂಗಳಾಗಿತ್ತು. ಇದು ಗೊತ್ತಿದ್ದದ್ದು ದೇವರಾಜು ಒಬ್ಬನಿಗೇ.

*

"ಲಾರಿ ಕುಡಿಯೋ ಡೀಸಲ್ಲಲ್ಲಿ ಮೂರ್ರಲ್ಲಿ ಒಂದು ಪಾಲು ಬರೀ ಬಿಸಿಯಾಗಿ ಹೊಗೆ ಜೊತೆ ಓಯ್ತದೆ ಕಣ್ಲಾ," ಎನ್ನುತ್ತಿದ್ದ ಅಡವಯ್ಯ. "ಹೈವೇಲಿ ದಿನಾ ಒಂದು ಊರಿನ ಕರೆಂಟು ಗಾಳಿಗೆ ಓಗ್ತೈತೆ. ನೋಡ್ಕಂಡು ಕೂತಿದೀವಲ್ಲ, ನಾವು ಮನುಷ್ಯರೇನ್ಲಾ?"

ಗುಜರಿಗೆ ಬಂದ ಕಾರುಗಳ ಪುಟ್ಟ ಫ್ರಿಜ್ಜುಗಳಿಂದ ಬಿಸ್ಕತ್ತಿನಷ್ಟಗಲದ ಬಿಳಿ ಬಿಲ್ಲೆಗಳನ್ನು ಕಿತ್ತಿಟ್ಟುಕೊಂಡಿದ್ದ. ಒಂದು ಮುಖ ಕಾದು, ಇನ್ನೊಂದು ಮುಖ ತಣ್ಣಗಿದ್ದರೆ ಅವು ಕರೆಂಟು ಹುಟ್ಟಿಸುತ್ತವೆ. ಅಂಥ ಹದಿನೆಂಟನ್ನು ದೇವರಾಜುವಿನ ಸೈಲೆನ್ಸರಿನ ಸುತ್ತ ಜೋಡಿಸಿ, ಅವುಗಳ ಮೇಲೆ ನೀರಿನ ಡಬ್ಬಿ ಬಿಗಿದ. ಕಾವು ಹಿಡಿಯಲೆಂದು ಕೊಳವೆಯೊಳಗೆ ತಗಡಿನ ಎಸಳು ತುರುಕಿದ. ಕಾಲು ಗಂಟೆ ಇಂಜಿನ್ ಓಡಿದ ಮೇಲೆ ಮೀಟರು ಆರು ವೋಲ್ಟ್ ತೋರಿಸಿತು. ಹೆಬ್ಬೆರಳಿನಷ್ಟು ಬಲ್ಬು ಮಿಣಕ್ ಎಂದಿತು. ಪಾವಗಡದ ಸೋಲಾರ್ ಪಾರ್ಕಿನವರು ಇನ್ನು ಗಂಟುಮೂಟೆ ಕಟ್ಟಬಹುದು ಎಂದು ಅಡವಯ್ಯ ಅಂದೇ ಸಾರಿಬಿಟ್ಟ.

ಮೂರನೇ ವಾರ ದೇವರಾಜು ಆ ಪಾರ್ಕಿನ ವಳ್ಳೂರಿಗೆ ಸೋಲಾರ್ ಪ್ಲೇಟು ಹೊತ್ತು ಹೊರಟಿದ್ದ. ಮಧುಗಿರಿ ದಾಟಿದ ಏರಿನಲ್ಲಿ, ಆ ತಗಡುಗಳಿಗೆ ಹೊಗೆ ಸಿಕ್ಕಿ, ಗಾಡಿ ಗೂರಲು ಹಿಡಿದ ಮುದುಕನಂತೆ ಏದುಸಿರು ಬಿಟ್ಟಿತು. ಹಿಂದೆ ಹಾರನ್ನುಗಳ ಜಾತ್ರೆ. ಸ್ಪ್ಯಾನರ್ ತೆಗೆದವನೇ ಎಲ್ಲವನ್ನೂ ಬಿಚ್ಚಿ ಮೋರಿಯ ಕೆಳಗೆ ಬಚ್ಚಿಟ್ಟ. ಬರುವಾಗ ನೋಡಿದರೆ ಗುಜರಿ ಆಯುವವರು ಮೋರಿಯನ್ನು ಗುಡಿಸಿ ಸಾರಿಸಿದ್ದರು.

ಸೋಮವಾರ ಮಾವನ ಫೋನು. "ಎಷ್ಟು ತೋರಿಸ್ತೈತ್ಲಾ ಮೀಟ್ರು?"

ನಿಜ ಹೇಳಬೇಕೆಂದೇ ಬಾಯಿ ತೆರೆದ. ಬಂದದ್ದು, "ಹನ್ನೆರಡು, ಮಾವ."

ಅತ್ತ ಕಡೆ ಕೆಮ್ಮು ಹತ್ತು ನಿಮಿಷ ಕೈ ಕಟ್ಟಿ ನಿಂತಿತು. ಇಂಥ ಔಷಧ ಡಾಕ್ಟರ ಬಳಿಯೂ ಇಲ್ಲವೆಂದುಕೊಂಡ ದೇವರಾಜು ವಾರವಾರ ಡೋಸು ಏರಿಸಿದ: ಹದಿನೈದು, ಹತ್ತೊಂಬತ್ತು, ಇಪ್ಪತ್ನಾಲ್ಕು. ಆಮೇಲೆ ಶಿರಾ ಕಡೆ ಲಾರಿಯನ್ನೇ ತಿರುಗಿಸಲಿಲ್ಲ. ಮಾವನನ್ನು ನೋಡಲು ಬಸ್ಸಿನಲ್ಲಿ ಬಂದು, ಬಸ್ಸಿನಲ್ಲೇ ಹೋದ.

*

ದೇವರಾಜು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಹೆಣವನ್ನು ಲಾರಿಗೆ ಏರಿಸಿದ್ದರು. ಪಕ್ಕದಲ್ಲಿ ಕ್ಯಾತಮ್ಮ ಕೂತಿದ್ದಳು. ಕೆಳಗೆ ಕನ್ನಡಕದ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇವ್ರು ಶರಣ್ಯಾ ಮೇಡಂ," ಎಂದ ರಂಗರಾಜು. "ತುಮಕೂರಲ್ಲಿ ಇಂಜಿನಿಯರಿಂಗ್ ಪಾಠ ಮಾಡ್ತಾರೆ. ನಿನ್ನ ಗಾಡಿ ಮಿಸೀನು ನೋಡಕ್ಕೇ ಬಂದವ್ರೆ."

ದೇವರಾಜು ಸೈಲೆನ್ಸರಿಗೆ ಅಡ್ಡವಾಗಿ ಬಂದು ನಿಂತ.

"ಮೂರು ತಿಂಗಳ ಹಿಂದೆ ಬಂದಿದ್ದೆ," ಎಂದಳು ಶರಣ್ಯಾ. "ಅಡವಯ್ಯನವರು ಈ ಶೆಡ್ಡಲ್ಲೇ ಎರಡನೇ ಮಿಷಿನ್ನು ಮಾಡಿದ್ರು. ನನ್ನ ಮೀಟರಲ್ಲೇ ಹದಿನಾಲ್ಕು ವೋಲ್ಟ್ ಬಂತು. ನಮ್ಮ ಲ್ಯಾಬಲ್ಲೂ ಅಷ್ಟು ಬಂದಿಲ್ಲ. ಕಾಲೇಜಿಗೆ ಕೊಡಿ, ನಿಮ್ಮ ಹೆಸರಲ್ಲೇ ಮುಂದುವರಿಸ್ತೀವಿ ಅಂದೆ. ಕೊಡಲ್ಲ ಅಂದ್ಬಿಟ್ರು."

"ಎಂಗ್ ಕೊಟ್ಟಾನು ಕಣಮ್ಮ?" ಮೇಲಿನಿಂದ ಕ್ಯಾತಮ್ಮ ಹೇಳಿದಳು. "ಅಳಿಯನ ಗಾಡೀಲಿ ಇಪ್ಪತ್ನಾಕು ಬರ್ತೈತೆ, ಇದ್ರಾಗೆ ಹದಿನಾಕೇ ಬತ್ತು, ಏನೋ ಕೆಡಿಸಿವ್ನಿ, ಕೈ ಓಯ್ತು ನಂದು ಅಂತ ಮೂರು ದಿನ ಅನ್ನ ಮುಟ್ಲಿಲ್ಲ. ನಾಕು ಜನ ನೋಡಿ ನಗಬಾರ್ದು ಅಂತ ಸುತ್ತಿಗೆ ತಕಂಡು ಅದ್ನ ಚಚ್ಚಾಕ್ಬುಟ್ಟ. ಅವತ್ತು ಮಲಗಿದವ್ನು ಏಳ್ನೇ ಇಲ್ಲ."

ದೇವರಾಜು ಬಾನೆಟ್ಟು ಹಿಡಿದು ನಿಂತ.

"ಮಂಕು ಕವೀತೇನ್ಲಾ? ಇಂಜಿನ್ ಹಾಕು!" ರಂಗರಾಜು ಬೆನ್ನು ತಟ್ಟಿದ.

ಯಾರದೋ ಕಾಲುಗಳು ಅವನನ್ನು ಕ್ಯಾಬಿನ್ನಿಗೆ ಹತ್ತಿಸಿದವು. ಕೀ ತಿರುಗಿಸಿದ. ಇಂಜಿನ್ ಗುಡುಗಿತು, ಗುಡುಗಿದ ಮರುಕ್ಷಣವೇ ಅಡವಯ್ಯನ ನೆತ್ತಿಯ ಮೇಲೆ ಬಲ್ಬು ಝಗ್ಗೆಂದಿತು. ತಮಟೆಯವರು ಎದ್ದು ಬಾರಿಸಿದರು. ಶಿಳ್ಳೆ ಬಿತ್ತು. "ನೋಡಯ್ಯ," ಕ್ಯಾತಮ್ಮ ಗಂಡನ ಗದ್ದ ಹಿಡಿದು ಎತ್ತಿದಳು, "ಉರೀತೈತೆ ನೋಡು!"

ಶರಣ್ಯಾ ಕ್ಯಾಬಿನ್ನಿನ ಬಾಗಿಲಿಗೆ ಬಂದಳು. ದನಿ ತಗ್ಗಿಸಿ ಕೇಳಿದಳು: "ಪೈಪು ಇನ್ನೂ ಕಾದೇ ಇಲ್ವಲ್ಲ. ಬಲ್ಬು ಹೇಗೆ ಹತ್ತಿತು?"

ದೇವರಾಜು ಗೇರಿನ ಮೇಲೆ ಕೈ ಇಟ್ಟ. ಅವಳು ಅವನ ಮುಖ ನೋಡಿದಳು, ಕ್ಯಾತಮ್ಮನನ್ನು ನೋಡಿದಳು. "ಬೇಡ ಬಿಡಿ. ಹೊರಡಿ," ಎಂದು ಹಿಂದೆ ಸರಿದಳು.

ಹೊರಟಿದ್ದರೆ ಮುಗಿದೇ ಹೋಗುತ್ತಿತ್ತು. ಕ್ಲಚ್ಚಿನ ಮೇಲೆ ಕಾಲೂ ಇಟ್ಟಿದ್ದ. ಆದರೆ ಇಳಿದು, ಜನರನ್ನು ಸರಿಸಿ, ಲಾರಿಯ ಹಿಂಬದಿಗೆ ಹತ್ತಿ ವೈರನ್ನು ಕಿತ್ತ. ಬಲ್ಬು ಆರಿತು.

"ಅತ್ತೆ, ಇದು ಬ್ಯಾಟ್ರೀದು. ಮಾವನ ಮಿಸೀನು ನಾನೇ ಬಿಚ್ಚಾಕಿದ್ದೆ, ವರ್ಷದ ಮೇಲಾಯ್ತು. ಇಪ್ಪತ್ನಾಕು ಅಂದಿದ್ದೆಲ್ಲ ಸುಳ್ಳು." ಕಿತ್ತ ವೈರನ್ನು ಎತ್ತಿ ತೋರಿಸಿದ. "ಹದಿನಾಕೇ ನಿಜ. ಮಾವ ಏನೂ ಕೆಡಿಸಿರ್ಲಿಲ್ಲ."

ತಮಟೆ ನಿಂತಿತು.

ಕ್ಯಾತಮ್ಮ ಬೈಯಲಿಲ್ಲ. ಅವನು ಚಾಚಿದ ಕೈಯನ್ನು ಹಿಡಿಯದೆ, ಹಲಗೆ ಹಿಡಿದು ತಾನೇ ಕೆಳಗಿಳಿದಳು. ಲಾರಿಯನ್ನು ಬಳಸಿಕೊಂಡು ಹೋಗಿ, ಹೊಗೆ ಕೊಳವೆ ಬಾಯಿಬಿಡುವ ಕಡೆ ನಿಂತಳು. ಇಂಜಿನ್ ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಗಂಡ ಹೇಳುತ್ತಿದ್ದ ಕಾವನ್ನು ಹುಡುಕುವವಳಂತೆ ಅವಳು ಆ ಹೊಗೆಗೆ ಅಂಗೈ ಒಡ್ಡಿದಳು. ಕೊಳವೆ ನಿಧಾನವಾಗಿ ಕಾಯುತ್ತಿತ್ತು. ಮೊದಲು ಬೆಚ್ಚಗೆ, ಆಮೇಲೆ ಸುಡತೊಡಗಿತು. ಕೈ ಹಿಂದಕ್ಕೆಳೆದು ಸೆರಗಿಗೆ ಒರೆಸಿದಳು. ಮತ್ತೆ ಒಡ್ಡಿದಳು.