ಹಾಜಿ ರಿಫಾತರ ಬೆಳಗುವ ರಿಮೋಟು

ಕೈರೋದ ಶುಬ್ರಾ ಬಡಾವಣೆಯ ಆ ಓಣಿಯಲ್ಲಿ ಹಾಜಿ ರಿಫಾತರ ಮನೆಯ ರಿಮೋಟು ಕೆಟ್ಟಷ್ಟು ಸಲ ಬೇರೆ ಯಾರ ಮನೆಯದೂ ಕೆಡುತ್ತಿರಲಿಲ್ಲ. ಒಮ್ಮೆ ಅದರ ಮೇಲೆ ಚಹಾ ಚೆಲ್ಲುತ್ತಿತ್ತು, ಇನ್ನೊಮ್ಮೆ ಅದು ತಾನಾಗಿಯೇ ನಡೆದುಹೋಗಿ ಸೊಪ್ಪಿನ ಸಾರಿನ ಪಾತ್ರೆಗೆ ಬೀಳುತ್ತಿತ್ತು. ರಿಪೇರಿಗೆ ತರುವವಳು ಯಾವಾಗಲೂ ಹಾಜಿಯ ಮಗಳು ಸಮೀಹಾ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂರುವ ವಗ್ದಿ ಅದನ್ನು ಬಿಚ್ಚಿ, ಒಳಗಿನ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಬೇಕಾದ ಕೆಲಸವನ್ನು ಮಧ್ಯಾಹ್ನದ ಬಾಂಗಿನವರೆಗೂ ಎಳೆಯುತ್ತಿದ್ದ. ಇಡೀ ಓಣಿಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದವರು ಹಾಜಿ ಒಬ್ಬರೇ. ಅವರು ಪಾಪ, ರಿಮೋಟು ಮಾಡಿದ ಚೀನಾದವರನ್ನು ಶಪಿಸಿಕೊಂಡಿದ್ದರು.

ಕೊನೆಗೆ ವಗ್ದಿ ಧೈರ್ಯ ಮಾಡಿ, ಇದ್ದ ಒಂದೇ ಕೋಟು ತೊಟ್ಟು, ಹೆಣ್ಣು ಕೇಳಲು ಹೋದ. ಹಾಜಿ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿದರು.

"ಕುವೈತಿನ ಬಿಸಿಲಲ್ಲಿ ಬೆಂದು ಸಾಕಿರೋ ಮಗಳು ಕಣಪ್ಪಾ ಇವಳು. ಬಟನ್ ಒರೆಸೋನಿಗೆ ಕೊಡು ಅಂತೀಯಾ?"

"ಒರೆಸೋದಷ್ಟೇ ಅಲ್ಲ ಹಾಜಿ, ರಿಪೇರೀನೂ ಮಾಡ್ತೀನಿ."

"ನಮ್ಮನೇದು ಒಂದು ತಿಂಗಳು ನೆಟ್ಟಗೆ ನಡೆದಿದ್ದು ನಾ ಕಾಣೆ. ನಿನ್ ಕೈಗುಣ ನಂಗೆ ಗೊತ್ತು, ಬಿಡು."

ವಗ್ದಿ ಕೋಟಿನ ಗುಂಡಿ ಹಾಕಿಕೊಂಡ. ಒಳಗೆ ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವನು ಹೋಗುವ ಹಾಗೆ ಕಾಣಲಿಲ್ಲ. ಹಾಜಿ ಬೇಸತ್ತು ಒಳಗೆ ಹೋಗಿ ಒಂದು ಗಂಟು ತಂದರು. ಗಂಟಲ್ಲ, ರಿಮೋಟು. ಕುವೈತಿನಿಂದ ಮರಳುವಾಗ ಹೊತ್ತು ತಂದಿದ್ದ ದೊಡ್ಡ ಟಿವಿ ಎಂದೋ ಕಣ್ಣು ಮುಚ್ಚಿತ್ತು, ಅದರ ರಿಮೋಟನ್ನು ಮಾತ್ರ ಹಾಜಿ ಕೈಬಿಟ್ಟಿರಲಿಲ್ಲ. ಒಂದು ಬಟನ್ ಒತ್ತಿದರೆ ಸಾಕು, ಎಲ್ಲ ಬಟನ್ನುಗಳೂ ಹಸಿರಾಗಿ ಬೆಳಗುತ್ತಿದ್ದ ರಿಮೋಟು ಅದು. ಆ ಕಾಲದಲ್ಲಿ ಓಣಿಯ ಜನ ಬಂದು, ದೀಪ ಆರಿಸಿ ಅಂತ ಕೇಳಿ, ನೋಡಿ ಹೋಗುತ್ತಿದ್ದರಂತೆ. ಕೊಳೆಯಾಗಬಾರದೆಂದು ಅಂಗಡಿಯವನು ಹಾಕಿಕೊಟ್ಟ ಪ್ಲಾಸ್ಟಿಕ್ಕನ್ನು ಹಾಜಿ ತೆಗೆದೇ ಇರಲಿಲ್ಲ. ಹಬ್ಬ ಬಂದಾಗಲೆಲ್ಲ ಅದರ ಮೇಲೊಂದು ಹೊಸ ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ, ಈಗ ಅದು ಬಾಣಂತಿ ಕೋಣೆಯ ಕೂಸಿನಂತೆ ದುಂಡಗಾಗಿತ್ತು.

"ಇದು ಮೊದಲಿನ ಹಾಗೆ ಬೆಳಗ್ಬೇಕು. ಈಗಿನ ಡಿಶ್ ಬಾಕ್ಸೂ ಇದರಿಂದಲೇ ನಡೀಬೇಕು. ಮಾಡ್ಕೊಂಡು ಬಾ, ಆಮೇಲೆ ಮಾತಾಡೋಣ," ಎಂದರು ಹಾಜಿ. "ಮತ್ತೆ ಪ್ಲಾಸ್ಟಿಕ್ಕಿಲ್ಲದೆ ತಂದ್ಯೋ, ಮೆಟ್ಟಿಲು ಹತ್ತಬೇಡ."

ವಗ್ದಿಗೆ ಜೀವ ಬಂದಂತಾಯಿತು. ಅಂಗಡಿಗೆ ಬಂದು ಬಿಚ್ಚಿ ನೋಡಿದರೆ ಆ ಜೀವ ಅರ್ಧ ಹೋಯಿತು. ಬಟನ್ನುಗಳ ಕೆಳಗೆ ಬೆಳಕು ಕೊಡುವ ತೆಳು ಹಾಳೆ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅಂಥ ಹಾಳೆ ಕೈರೋದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕರೆ ಶುಕ್ರವಾರದ ಸಂತೆಯಲ್ಲಿ, ಸಮಾಧಿಗಳ ಪಕ್ಕದಲ್ಲಿ, ಹಳೇ ನಲ್ಲಿ, ಹಳೇ ಬೂಟು, ಹಳೇ ಹಲ್ಲುಸೆಟ್ಟುಗಳ ನಡುವೆ ಸಿಗಬೇಕು.

ಮೂರು ಶುಕ್ರವಾರ ಅಲೆದ. ಸಂತೆಯಲ್ಲಿ ರಿಮೋಟುಗಳನ್ನು ಮೂಲಂಗಿಯ ಹಾಗೆ ರಾಶಿ ಹಾಕಿ ಮಾರುತ್ತಾರೆ. ನೆತ್ತಿ ಸುಡುವ ಬಿಸಿಲಲ್ಲಿ ಯಾವುದು ಬೆಳಗುತ್ತದೆ, ಯಾವುದು ಬೆಳಗುವುದಿಲ್ಲ ಅಂತ ತಿಳಿಯುವುದು ಹೇಗೆ? ವಗ್ದಿ ತನ್ನ ಕೋಟನ್ನು ತಲೆಯ ಮೇಲೆ ಪೂರ್ತಿ ಎಳೆದುಕೊಂಡು, ಒಳಗಿನ ಕತ್ತಲೆಯಲ್ಲಿ ಒಂದೊಂದಕ್ಕೂ ಬ್ಯಾಟರಿ ಹಾಕಿ ಒತ್ತಿ ನೋಡುತ್ತಿದ್ದ. ಹೊರಗಿನವರಿಗೆ ಕಾಣುವುದು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಒಂದು ಕೋಟು ಮಾತ್ರ. ಯಾರೋ ಪುಣ್ಯಾತ್ಮರು ಅವನ ಮೇಲೆ ನೀರು ಚಿಮುಕಿಸಿದರು. ಇನ್ನೊಬ್ಬಳು ಮುದುಕಿ, "ಅಳಬೇಡ ಮಗನೇ, ಎಲ್ಲ ದೇವರ ಇಚ್ಛೆ," ಅಂತ ಕೋಟಿನ ಬೆನ್ನು ಸವರಿದಳು. ಆ ಹೊತ್ತಿಗೇ ಸರಿಯಾಗಿ ಅವನ ಕೈಯಲ್ಲಿದ್ದ, ಒಂದು ಮೂಲೆ ಒಡೆದ ರಿಮೋಟು ಹಸಿರಾಗಿ ಬೆಳಗಿತು. ಕೋಟಿನೊಳಗಿಂದ ನಗು ಕೇಳಿ ಮುದುಕಿ ಹೌಹಾರಿ ಹಿಂದೆ ಸರಿದಳು.

ಆ ಹಾಳೆಯನ್ನು ಕಿತ್ತು, ಹಾಜಿಯ ರಿಮೋಟಿನ ಅಳತೆಗೆ ಕತ್ತರಿಸಿ ಕೂರಿಸಿದ. ಒಳಗಿನ ಹಳೆಯ ಚಿಪ್ ತೆಗೆದು ಡಿಶ್ ಬಾಕ್ಸಿನ ರಿಮೋಟಿನ ಚಿಪ್ ಹಾಕಿದ. ಅದೇನು ಕಷ್ಟವಿರಲಿಲ್ಲ. ಓಣಿಯವರೆಲ್ಲ ಒಬ್ಬನೇ ವ್ಯಾಪಾರಿಯ ಹತ್ತಿರ ಒಂದೇ ಬಗೆಯ ಡಿಶ್ ಬಾಕ್ಸು ಕೊಂಡಿದ್ದರು. ತೊಂದರೆ ಕೊಟ್ಟಿದ್ದು ಪ್ಲಾಸ್ಟಿಕ್ಕು. ಹಾಜಿಯ ಮರ್ಜಿಯಂತೆ ಅಷ್ಟೂ ಪದರ ಮತ್ತೆ ಸುತ್ತಿದ ಮೇಲೆ ರಿಮೋಟಿನ ಕಿರಣ ಮೊಳದುದ್ದವೂ ಹೋಗಲೊಲ್ಲದು. ವಗ್ದಿ ತಲೆ ಕೆರೆದುಕೊಂಡು, ಮುಂದುಗಡೆ ಒಂದು ಕಿರಣದ ಬಲ್ಬಿದ್ದ ಜಾಗದಲ್ಲಿ ನಾಲ್ಕು ಕೂರಿಸಿದ. ಕಣ್ಣಿಗೆ ಕಾಣದ ಆ ಕಿರಣವನ್ನು ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ಮೋಟಾರ್ ಬೈಕಿನ ದೀಪದಂತೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಹಾದು ಬರುವಷ್ಟರಲ್ಲಿ ಹದಕ್ಕೆ ಬರುತ್ತಿತ್ತು.

ಹಾಜಿ ಮನೆಯ ದೀಪವೆಲ್ಲ ಆರಿಸಿ ಒತ್ತಿದರು. ರಿಮೋಟು ಪ್ಲಾಸ್ಟಿಕ್ಕಿನೊಳಗಿಂದ ಮಬ್ಬು ಹಸಿರಾಗಿ ಬೆಳಗಿತು. ಟಿವಿಯೂ ಹೇಳಿದ ಮಾತು ಕೇಳಿತು. ಹಾಜಿ ಇನ್ನೊಮ್ಮೆ ಒತ್ತಿದರು. ಆಮೇಲೆ ದೀಪ ಹಾಕಿ, "ಯೋಚ್ನೆ ಮಾಡ್ತೀನಿ. ಫುಟ್‌ಬಾಲ್ ಫೈನಲ್ ಮುಗೀಲಿ," ಎಂದರು.

ಮನೆಗೆ ಇದ್ದದ್ದು ಒಂದೇ ಮೊಬೈಲು, ಅದು ಹಾಜಿಯ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೀಗಾಗಿ ಸಮೀಹಾ ಮೆಟ್ಟಿಲು ಇಳಿಯುವಾಗ ಅಂಗಡಿಯತ್ತ ನೋಡದೆಯೇ ಮಾತಾಡಿದಳು.

"ಅಪ್ಪ ಹೂಂ ಅಂತ ಅಮ್ಮನ ಹತ್ರ ಬಾಯಿಬಿಟ್ರೆ ಬಾಲ್ಕನಿಯಿಂದ ದೀಪ ತೋರಿಸ್ತೀನಿ. ಆ ಕಡೆ ಕಣ್ಣಿಟ್ಟಿರು. ಮತ್ತೆ ಬಾಯಿ ತಕ್ಕೊಂಡು ಆಟ ನೋಡ್ತಾ ಕೂತ್ಯೋ, ನೋಡು."

ಫೈನಲಿನ ಸಂಜೆ ಜಗ್ಲೂಲ್ ತನ್ನ ಕಾಫಿ ಅಂಗಡಿಯ ಟಿವಿಯನ್ನು ಬಾಗಿಲಿಗೆ ತಂದಿಟ್ಟ. ಓಣಿಯ ತುಂಬ ಕುರ್ಚಿ ಹಾಕಿದ. ಜನರ ಮುಖ ಟಿವಿಗೆ, ಬೆನ್ನು ಹಾಜಿಯ ಮನೆಗೆ. ಹಾಜಿ ಮುಂದಿನ ಸಾಲಿನಲ್ಲಿ ಕೂತು ವಗ್ದಿಯನ್ನು ಪಕ್ಕದ ಕುರ್ಚಿಗೆ ಕರೆದರು. ಒಂದು ಪುದೀನಾ ಚಹಾವನ್ನೂ ಹೇಳಿದರು. ವಗ್ದಿ ಅದನ್ನು ಕುಡಿಯಲಾರದೆ ಕೈಯಲ್ಲೇ ಹಿಡಿದು ಕೂತ. ಪ್ರತಿ ಉಸಿರಿಗೂ ಕತ್ತು ಹಿಂದಕ್ಕೆ ತಿರುಗುತ್ತಿತ್ತು.

"ಕತ್ತು ಉಳುಕಿದ್ಯೇನೋ?" ಎಂದರು ಹಾಜಿ.

"ಸೆಖೆ ಹಾಜಿ, ಗಾಳಿ ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ದೆ."

ಆಟ ಸಮಸಮವಾಗಿ ನಡೆದು, ಇನ್ನೇನು ಮುಗಿಯಬೇಕು, ಆಗ ಕೆಂಪಂಗಿಯವರಿಗೆ ಪೆನಾಲ್ಟಿ ಸಿಕ್ಕಿತು. ಓಣಿಯೆಲ್ಲ ಕೆಂಪಂಗಿಯವರ ಕಡೆಯದೇ. ಹುಕ್ಕಾದ ಗುಡುಗುಡು ನಿಂತಿತು. ಆಟಗಾರ ಚೆಂಡಿಟ್ಟು ಹಿಂದೆ ಸರಿದ. ವಗ್ದಿ ಬಾಲ್ಕನಿಯತ್ತ ತಿರುಗಿದ.

ಒಣಹಾಕಿದ ಬಟ್ಟೆಗಳ ನಡುವೆ ಹಸಿರು ದೀಪ ಬೆಳಗಿತು.

ಹಾಜಿ ಹೂಂ ಅಂದಿದ್ದಾರೆ! ಅದೇ ಕ್ಷಣ ಅವನ ಬೆನ್ನ ಹಿಂದೆ ಇಡೀ ಓಣಿ ಒಂದೇ ದನಿಯಲ್ಲಿ ಗೋಳಿಟ್ಟಿತು. ತಿರುಗಿ ನೋಡಿದರೆ ಟಿವಿಯಲ್ಲಿ ದಪ್ಪನೆಯ ಹೆಂಗಸೊಬ್ಬಳು ಬೆಂಡೆಕಾಯಿ ಹುರಿಯುತ್ತಿದ್ದಳು.

ವಗ್ದಿಗೆ ಅರ್ಥವಾಗಲು ತಡವಾಗಲಿಲ್ಲ. ಮಬ್ಬು ದೀಪ ದೂರಕ್ಕೆ ಕಾಣದೆಂದು ಹುಡುಗಿ ಪ್ಲಾಸ್ಟಿಕ್ಕನ್ನೆಲ್ಲ ಸುಲಿದು ಎಸೆದಿದ್ದಾಳೆ. ಬಟನ್ ಒತ್ತದೆ ದೀಪ ಹತ್ತುವುದಿಲ್ಲ. ಒತ್ತಿದರೆ ನಾಲ್ಕು ಬಲ್ಬಿನ ಕಿರಣ ಓಣಿ ದಾಟಿ ನೇರ ಜಗ್ಲೂಲನ ಡಿಶ್ ಬಾಕ್ಸಿಗೆ. ಅವನು ಎರಡೂ ಕೈ ಎತ್ತಿ ಬೇಡ, ಬೇಡ ಎಂದು ಬೀಸಿದ. ಅವಳು ಅದನ್ನು ಸಂತೋಷವೆಂದು ತಿಳಿದು ಇನ್ನಷ್ಟು ಒತ್ತಿದಳು. ಬೆಂಡೆಕಾಯಿ ಹೋಗಿ ಹವಾಮಾನ ಬಂತು, ಹವಾಮಾನ ಹೋಗಿ ಮೊಸಳೆ ಬಂತು. ಪಕ್ಕದ ಓಣಿಯಿಂದ ದೊಡ್ಡ ಕೂಗು ಎದ್ದಿತು. ಗೋಲಾಯಿತೋ ತಪ್ಪಿತೋ, ಆ ಕೂಗಿನಿಂದ ತಿಳಿಯುವಂತಿರಲಿಲ್ಲ.

ಕೈ ಬೀಸುತ್ತಿದ್ದ ವಗ್ದಿಯನ್ನು ನೋಡಿ ಹಾಜಿ ನಿಧಾನವಾಗಿ ಹಿಂದೆ ತಿರುಗಿದರು. ತಮ್ಮ ಬಾಲ್ಕನಿ ಕಂಡಿತು. ತಮ್ಮ ರಿಮೋಟು ಕಂಡಿತು, ಮೈಮೇಲೆ ಪ್ಲಾಸ್ಟಿಕ್ಕಿಲ್ಲದೆ. ಅದನ್ನು ಹಿಡಿದ ಕೈಯೂ ಕಂಡಿತು.

"ಯಾವನೋ ಅವನು? ರಿಮೋಟು ನನ್ ಜೇಬಲ್ಲೇ ಇದೆ," ಎಂದು ಜಗ್ಲೂಲ್ ಕೂಗುತ್ತಿದ್ದ. ಜನ ಎದ್ದು ಸುತ್ತಮುತ್ತ ಹುಡುಕತೊಡಗಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಯಾರಾದರೂ ತಲೆ ಎತ್ತುತ್ತಿದ್ದರು. ಹಾಜಿಯ ಮಗಳು ಬಾಲ್ಕನಿಯಿಂದ ಗಂಡಸಿಗೆ ದೀಪ ತೋರಿಸಿದಳೆಂಬ ಮಾತು ಬೆಳಗಾಗುವುದರೊಳಗೆ ನೈಲ್ ನದಿ ದಾಟುತ್ತಿತ್ತು.

ವಗ್ದಿಯ ಜೇಬಿನಲ್ಲಿ ಯಾವಾಗಲೂ ಒಂದಾದರೂ ರಿಮೋಟು ಇರುತ್ತಿತ್ತು. ಅದನ್ನು ತೆಗೆದು ಮೇಲೆತ್ತಿ, ಕುರ್ಚಿಯ ಮೇಲೆ ಹತ್ತಿ ನಿಂತ.

"ಇಲ್ನೋಡ್ರಪ್ಪಾ, ನಾನೇ. ಹೊಸದಾಗಿ ಮಾಡಿದ್ದೆ, ಕೆಲ್ಸ ಮಾಡುತ್ತಾ ಅಂತ ನೋಡ್ದೆ."

ಎಲ್ಲರೂ ಅವನನ್ನೇ ನೋಡಿದರು. ಮೊದಲು ಬಂದದ್ದು ಒಂದು ಚಪ್ಪಲಿ. ಆಮೇಲೆ ಹುಕ್ಕಾದ ನಳಿಗೆ, ಕಡಲೆಕಾಯಿ ಸಿಪ್ಪೆ, ಅವನ ತಾಯಿ ತಂದೆಯರ ಬಗ್ಗೆ ಹಲವು ಮಾತು. ಜಗ್ಲೂಲ್ ಅವನ ಕೊರಳಪಟ್ಟಿ ಹಿಡಿದು ಓಣಿಯ ತುದಿವರೆಗೂ ನಡೆಸಿಕೊಂಡು ಹೋಗಿ, "ಇನ್ನು ನನ್ ಅಂಗ್ಡೀಲಿ ನಿಂಗೆ ನೀರೂ ಸಿಗಲ್ಲ," ಎಂದ. ಹಾಜಿ ಕುರ್ಚಿಯಿಂದ ಏಳಲಿಲ್ಲ. ಸಿಕ್ಕಿದ್ದ ಹೂಂ ಅಲ್ಲಿಗೆ ಮಣ್ಣುಪಾಲಾಯಿತೆಂದು ವಗ್ದಿಗೆ ಖಾತ್ರಿಯಾಯಿತು. ಹುಬ್ಬಿನ ಮೇಲಿನ ಗಾಯಕ್ಕಿಂತ ಅದೇ ಹೆಚ್ಚು ಉರಿಯಿತು.

ಮರುದಿನ ಬೆಳಿಗ್ಗೆ ಹಾಜಿ ಅಂಗಡಿಗೆ ಬಂದರು. ರಿಮೋಟನ್ನು ಹಲಗೆಯ ಮೇಲಿಟ್ಟು, ತಾವೂ ಸ್ಟೂಲೆಳೆದು ಕೂತರು.

"ಇದರ ದೀಪ ನೋಡಿ, ನಿನ್ನೆ ಆಟಕ್ಕೆ ಹೊರಡೋವಾಗ ಅವಳ ತಾಯಿ ಹತ್ರ ಹೂಂ ಅಂದಿದ್ದೆ. ಅದನ್ನ ವಾಪಸ್ ತಗೊಂಡೆ."

ವಗ್ದಿ ತಲೆ ತಗ್ಗಿಸಿದ. "ಗೊತ್ತು ಹಾಜಿ."

"ಏನು ಗೊತ್ತು ನಿಂಗೆ? ಸುಮ್ನಿರು, ನಾ ಮಾತು ಮುಗಿಸಿಲ್ಲ." ಹಾಜಿ ಅವನ ಹುಬ್ಬಿನ ಗಾಯವನ್ನು ನೋಡಿದರು. ಆಮೇಲೆ ರಸ್ತೆಯತ್ತ ನೋಡುತ್ತ ಮಾತಾಡಿದರು. "ಅವಳ ತಾಯಿಗೆ ಹೆರಿಗೆ ನೋವು ಬಂದಾಗಲೂ ನಾನು ಇಂಥದೇ ಒಂದು ಫೈನಲ್ ನೋಡ್ತಾ ಕೂತಿದ್ದೆ ಕಣೋ. ಕರೆಯೋಕೆ ಬಂದೋರಿಗೆ, ಪೆನಾಲ್ಟಿ ಇದೆ, ತಡೀರಿ ಅಂದಿದ್ದೆ. ಅವಳಿವತ್ತಿಗೂ ಅದನ್ನ ಮರೆತಿಲ್ಲ. ನಿನ್ನೆ ಇಡೀ ಓಣಿ ಪೆನಾಲ್ಟಿ ನೋಡ್ತಿತ್ತು. ನನ್ ಮಗಳನ್ನ ನೋಡ್ತಿದ್ದೋನು ನೀನೊಬ್ನೇ."

ವಗ್ದಿ ತಲೆ ಎತ್ತಿದ.

"ಹೆಣ್ಣು ಕೇಳೋಕೆ ಗುರುವಾರ ನಿಮ್ಮ ತಾಯೀನ ಕರ್ಕೊಂಡು ಬಾ," ಎಂದು ಹಾಜಿ ಎದ್ದರು.